ಶೇ 8 ಅಂದರೆ ನಿಜಕ್ಕೂ ಎಷ್ಟು?

ಪ್ರಶ್ನೆ: ಹೂಡಿಕೆಗೆಂದು ಎರಡು ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ನಾನಿರುವುದು ದೂರದ ಊರಿನಲ್ಲಿ. ನಲ್ಲಿ ಸೋರಿದರೂ ನನಗೇ ಫೋನ್ ಬರುತ್ತದೆ. ಬಾಡಿಗೆ ಮನೆ ನೋಡಿಕೊಳ್ಳುವ ಎರಡು ಕಂಪನಿಗಳನ್ನು ವಿಚಾರಿಸಿದೆ. ಒಬ್ಬರು ಬಾಡಿಗೆಯ ಶೇ 8 ಕೇಳುತ್ತಾರೆ, ಇನ್ನೊಬ್ಬರು ಶೇ 10. ಕೆಲಸ ಒಂದೇ ಥರ ಕಾಣುತ್ತದೆ. ಕಡಿಮೆಯವರಿಗೇ ಕೊಡಲೇ?

ಉತ್ತರ: ಸ್ವಲ್ಪ ತಡೆಯಿರಿ. ಹೊಸ ಬಾಡಿಗೆದಾರರನ್ನು ಕರೆತಂದಾಗ ಶೇ 8ರವರು ಬೇರೆ ಶುಲ್ಕ ತೆಗೆದುಕೊಳ್ಳುತ್ತಾರಾ ಅಂತ ಕೇಳಿದಿರಾ? ಒಂದು ತಿಂಗಳ ಬಾಡಿಗೆ ಕೇಳುವ ಕಂಪನಿಗಳು ಬೇಕಾದಷ್ಟಿವೆ. ಒಂದು ತಿಂಗಳು ಅಂದರೆ ವರ್ಷದ ಬಾಡಿಗೆಯಲ್ಲಿ ಶೇ 8.33. ಬಾಡಿಗೆದಾರರು ವರ್ಷಕ್ಕೊಮ್ಮೆ ಬದಲಾದರೆ ನೀವು ಕೊಡುವುದು ಶೇ 16ಕ್ಕೂ ಜಾಸ್ತಿ. ಹೆಚ್ಚುಕಡಿಮೆ ಎರಡು ತಿಂಗಳ ಬಾಡಿಗೆ ಅವರಿಗೇ ಹೋಯಿತು! ಅದೇ ಕುಟುಂಬ ಮೂರು ವರ್ಷ ನಿಂತರೆ ಆ ಶುಲ್ಕ ವರ್ಷಕ್ಕೆ ಶೇ 3ರೊಳಗೇ ಬರುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ಬಾಡಿಗೆದಾರರು ಬಿಟ್ಟು ಹೋದರೆ ನಿಮಗೆ ನಷ್ಟ, ಇಂಥ ಕಂಪನಿಗೆ ಮಾತ್ರ ಹೊಸ ಶುಲ್ಕ. ಎಲ್ಲರೂ ಬೇಕಂತಲೇ ಹಾಗೆ ಮಾಡುತ್ತಾರೆ ಅಂತಲ್ಲ. ಆದರೆ ಇರುವವರನ್ನು ಉಳಿಸಿಕೊಳ್ಳುವ ಆಸಕ್ತಿ ಅವರಿಗೆ ಎಲ್ಲಿಂದ ಬರಬೇಕು, ಅಲ್ವಾ? ಹಾಗಾಗಿ ಎಷ್ಟು ಶುಲ್ಕ ಅನ್ನುವುದಕ್ಕಿಂತ, ಯಾವಾಗ ಶುಲ್ಕ ಅನ್ನುವುದನ್ನು ನಾನು ಮೊದಲು ನೋಡುತ್ತೇನೆ. ಕೈಗೆ ಬಂದ ಬಾಡಿಗೆಯ ಮೇಲೋ, ಬರಬೇಕಾದ ಬಾಡಿಗೆಯ ಮೇಲೋ? ಮನೆ ಖಾಲಿ ಇದ್ದರೂ ಕೊಡಬೇಕಾ? ಹಳೆಯ ಬಾಡಿಗೆದಾರರ ಕರಾರು ನವೀಕರಿಸಲೂ ಹಣವಾ?

ರಿಪೇರಿಯದ್ದು ಇನ್ನೂ ಸೂಕ್ಷ್ಮ. ಪ್ಲಂಬರ್ ಬಿಲ್ಲಿನ ಮೇಲೆ ತಮ್ಮ ಪಾಲು ಸೇರಿಸುವವರಿದ್ದಾರೆ. ಸೇರಿಸಲಿ, ಆದರೆ ಮೊದಲೇ ಹೇಳಬೇಕು. ಮೂಲ ಬಿಲ್ಲೇ ಬೇಕು ಅನ್ನಿ. ನಿಮ್ಮನ್ನು ಕೇಳದೆ ಎಷ್ಟರವರೆಗೆ ಖರ್ಚು ಮಾಡಬಹುದು ಅನ್ನುವ ಮಿತಿಯನ್ನು ಕರಾರಿನಲ್ಲಿ ಬರೆಸಿ. ಮಿತಿ ತೀರಾ ಕಡಿಮೆ ಇಟ್ಟರೆ ನಲ್ಲಿ ಸೋರಿದಾಗ ಮತ್ತೆ ನಿಮಗೇ ಫೋನ್! ನೀರು ನುಗ್ಗುವಂಥ ತುರ್ತಿಗೆ ಬೇರೆ ವಿನಾಯಿತಿ ಇರಲಿ.

ಬಾಡಿಗೆದಾರರ ಠೇವಣಿ ಕಂಪನಿಯ ಖರ್ಚಿನ ಖಾತೆಯಲ್ಲಿ ಬೆರೆಯಬಾರದು. ಯಾವ ಖಾತೆಯಲ್ಲಿ ಇಡುತ್ತೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ಶೇಕಡಾ ಎಷ್ಟೇ ಕಡಿಮೆಯಿರಲಿ, ಎದ್ದು ಬನ್ನಿ.

ಕಂಪನಿಯವರು ತಾವೇ ಆರಿಸಿ ಕೊಡುವ ಖುಷಿಯ ಗ್ರಾಹಕರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬದಲಿಗೆ ಸುಮ್ನೆ ಮನೆ ಹುಡುಕುವವರಂತೆ ಅವರ ನಂಬರಿಗೆ ಫೋನ್ ಮಾಡಿ. ಎತ್ತದೇ ಇದ್ದರೆ, ತಿರುಗಿ ಮಾಡಲು ಎರಡು ದಿನ ಹಿಡಿದರೆ, ನಿಮ್ಮ ಫ್ಲ್ಯಾಟ್ ಕೇಳಿಕೊಂಡು ಬರುವವರಿಗೂ ಅದೇ ಗತಿ. ಒಂದೇ ತಿಂಗಳು ಮನೆ ಖಾಲಿ ಬಿದ್ದರೂ ನೀವು ಉಳಿಸಿದ ಶೇ 2ರ ನಾಲ್ಕು ಪಟ್ಟು ಹೋಗುತ್ತದೆ. ಅವರು ಈಗ ನೋಡಿಕೊಳ್ಳುತ್ತಿರುವ ಕಟ್ಟಡಕ್ಕೊಮ್ಮೆ ಹೋಗಿ ಬನ್ನಿ, ಆಗದಿದ್ದರೆ ನಂಬಿಕಸ್ಥರನ್ನು ಕಳಿಸಿ. ಮೆಟ್ಟಿಲ ಬಳಿಯ ಬಲ್ಬ್ ಉರಿಯುತ್ತಿದೆಯಾ ಅಂತ ನೋಡಿದರೂ ಬಹಳಷ್ಟು ಗೊತ್ತಾಗುತ್ತದೆ.

ಸಹಿಗೆ ಮುನ್ನ, ಕಂಪನಿಯನ್ನು ಬಿಡುವ ಷರತ್ತು ಓದಿ. ಎಷ್ಟು ದಿನ ಮೊದಲು ತಿಳಿಸಬೇಕು, ದಂಡವಿದೆಯಾ, ಬೀಗದ ಕೈ, ಠೇವಣಿ, ಕಾಗದಪತ್ರ ಯಾವಾಗ ವಾಪಸ್ ಕೊಡುತ್ತಾರೆ ಎಲ್ಲವೂ ಅದರಲ್ಲಿರಬೇಕು. ನೀವು ಕಂಪನಿ ಬಿಟ್ಟ ಮೇಲೂ, ಅವರು ತಂದ ಬಾಡಿಗೆದಾರರು ಇರುವಷ್ಟು ಕಾಲವೂ ಶುಲ್ಕ ಕೊಡಬೇಕು ಅನ್ನುವ ಸಾಲು ಕೆಲವು ಕರಾರುಗಳಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಕಂಡರೆ ಹೊಡೆದು ಹಾಕಿಸಿ.