ಸಿಮ್ಯುಲೇಶನ್ ಲ್ಯಾಬ್‌ಗೆ ಮೊದಲು ದುಬಾರಿ ಮ್ಯಾನಿಕಿನ್ ಕೊಳ್ಳಬೇಕಾ?

ಸಿಮ್ಯುಲೇಶನ್ ಲ್ಯಾಬ್‌ಗೆ, ಅಂದರೆ ನಿಜವಾದ ರೋಗಿಯ ಬದಲು ಗೊಂಬೆ ಇಟ್ಟುಕೊಂಡು ಅಭ್ಯಾಸ ಮಾಡಿಸುವ ಜಾಗಕ್ಕೆ, ನಿಮ್ಮ ನರ್ಸಿಂಗ್ ಶಾಲೆಯಲ್ಲಿ ಎರಡು ಕೋಣೆ ಸಿಕ್ಕಿದೆ, ಒಂದಷ್ಟು ಹಣವೂ ಮಂಜೂರಾಗಿದೆ. ಉಸಿರಾಡುವ, ಮಾತಾಡುವ ಮ್ಯಾನಿಕಿನ್ (ರೋಗಿಯಂತೆ ವರ್ತಿಸುವ ಗೊಂಬೆ) ಒಂದನ್ನು ಕೊಂಡುಬಿಡೋಣವೇ ಅಂತ ಕೇಳಿದ್ದೀರಿ. ಇಂಥ ಲ್ಯಾಬ್ ನೋಡಿಕೊಳ್ಳುವವಳಾಗಿ ಹೇಳ್ತೀನಿ: ಸದ್ಯಕ್ಕೆ ಬೇಡ.

ಡೆಮೊ ತೋರಿಸುವಾಗ ಎಲ್ಲವೂ ಚೆಂದ. ಕೊಂಡ ಮೇಲೆ ಸಾಫ್ಟ್‌ವೇರ್ ಲೈಸೆನ್ಸ್, ಸರ್ವಿಸ್ ಒಪ್ಪಂದ, ಆಗಾಗ ಬದಲಿಸಬೇಕಾದ ಚರ್ಮ, ಟ್ಯೂಬು, ಹೀಗೆ ಖರ್ಚು ಬೆಳೀತಾ ಹೋಗುತ್ತದೆ. ಅದನ್ನು ನಡೆಸಲು ಬರುವ ಒಬ್ಬರೇ ಇದ್ದು, ಅವರು ಕೆಲಸ ಬಿಟ್ಟರೆ ಮುಗೀತು. ಗೊಂಬೆ ಹೊದಿಕೆ ಹೊದ್ದು ಮಲಗಿಬಿಡುತ್ತೆ.

ಗೊಂಬೆ ಇಟ್ಟುಕೊಂಡು ಕಲಿಸೋದೇನೂ ಹೊಸದಲ್ಲ. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ 1911ರಲ್ಲೇ 'ಮಿಸೆಸ್ ಚೇಸ್' ಅನ್ನುವ ಆಳೆತ್ತರದ ಗೊಂಬೆ ಬಂದಿತ್ತು. ಈಗ ಎಲ್ಲರೂ ಉದಾಹರಿಸುವುದು 2014ರ ಅಮೆರಿಕದ ದೊಡ್ಡ ಅಧ್ಯಯನವನ್ನು. ಹತ್ತು ನರ್ಸಿಂಗ್ ಶಾಲೆಗಳಲ್ಲಿ ಕ್ಲಿನಿಕಲ್ ಅವಧಿಯ (ರೋಗಿಗಳ ಹತ್ತಿರವೇ ಕಲಿಯುವ ಸಮಯದ) ಅರ್ಧದವರೆಗೂ ಸಿಮ್ಯುಲೇಶನ್ ಮಾಡಿಸಿದರೂ ವಿದ್ಯಾರ್ಥಿಗಳ ಕಲಿಕೆ ಕಡಿಮೆಯಾಗಲಿಲ್ಲ. ಆದರೆ ಆಡಳಿತದವರು ಒಂದು ಮಾತು ಹಾರಿಸಿಬಿಡ್ತಾರೆ: ಅಲ್ಲಿನ ಶಿಕ್ಷಕರಿಗೆ ಮೊದಲೇ ತರಬೇತಿ ಕೊಟ್ಟಿದ್ದರು, ಡೀಬ್ರೀಫಿಂಗ್‌ಗೆ (ಅಭ್ಯಾಸ ಮುಗಿದ ಮೇಲೆ ಕೂತು ಮಾಡುವ ವಿಮರ್ಶೆಯ ಮಾತುಕತೆಗೆ) ಗಟ್ಟಿಯಾದ ಒಂದು ಕ್ರಮ ಇತ್ತು. ಹಾಗಾಗಿ ನಿಮ್ಮ ಹಣದ ಮೊದಲ ಪಾಲು ಇಬ್ಬರು ಮೂವರು ಶಿಕ್ಷಕರ ತರಬೇತಿಗೆ, ಲ್ಯಾಬ್‌ಗೇ ಮೀಸಲಾದ ಒಬ್ಬ ಟೆಕ್ನಿಷಿಯನ್‌ಗೆ ಹೋಗಲಿ.

ಡೀಬ್ರೀಫಿಂಗ್ ಹೇಗಿರಬೇಕು ಅಂತ ಒಂದು ಉದಾಹರಣೆಯಲ್ಲೇ ಹೇಳ್ತೀನಿ. ರಕ್ತ ಹಾಕಿಸಿಕೊಳ್ಳುತ್ತಿರುವ ರೋಗಿಯ ಸಿನಾರಿಯೋ (ಅಭ್ಯಾಸಕ್ಕೆಂದು ಕಟ್ಟಿದ ಸನ್ನಿವೇಶ). ಹತ್ತು ನಿಮಿಷ ಕಳೆದ ಮೇಲೆ ಗೊಂಬೆ "ಚಳಿ ಆಗ್ತಿದೆ ಸಿಸ್ಟರ್, ಸೊಂಟ ನೋಯ್ತಿದೆ" ಅನ್ನುತ್ತದೆ. ಮಾನಿಟರ್‌ನಲ್ಲಿ ಜ್ವರ ಏರುತ್ತೆ, ಬಿಪಿ ಇಳಿಯುತ್ತೆ. ಹಾಕಿದ ರಕ್ತ ಮೈಗೆ ಒಗ್ಗುತ್ತಿಲ್ಲ ಅನ್ನುವ ಲಕ್ಷಣ ಇದು. ವಿದ್ಯಾರ್ಥಿನಿ ಓಡಿಹೋಗಿ ಕಂಬಳಿ ತಂದು ಹೊದಿಸ್ತಾಳೆ, ಡಾಕ್ಟರ್‌ಗೆ ಫೋನ್ ಮಾಡ್ತಾಳೆ. ರಕ್ತ ಮಾತ್ರ ತೊಟ್ಟಿಕ್ಕುತ್ತಲೇ ಇರುತ್ತೆ. ಮೊದಲು ಮಾಡಬೇಕಾದದ್ದು ಅದನ್ನು ನಿಲ್ಲಿಸುವುದು, ಆಮೇಲೆ ಹೊಸ ಟ್ಯೂಬಿನ ಸೆಟ್ ಹಾಕಿ, ಸಲೈನ್ (ಉಪ್ಪುನೀರಿನ ದ್ರಾವಣ) ಹರಿಸಿ ರಕ್ತನಾಳಕ್ಕೆ ಹೋಗುವ ದಾರಿ ಮುಚ್ಚದಂತೆ ಉಳಿಸಿಕೊಳ್ಳುವುದು.

ಸಿನಾರಿಯೋ ಮುಗಿದ ಕೂಡಲೇ "ರಕ್ತ ಯಾಕೆ ನಿಲ್ಲಿಸಲಿಲ್ಲ?" ಅಂತ ಗದರಿದರೆ ಅವಳು ತಲೆ ತಗ್ಗಿಸ್ತಾಳೆ, ಅಷ್ಟೇ. "ನೀನು ಮೊದಲು ಕಂಬಳಿ ತಂದಿದ್ದು ನೋಡಿದೆ. ಆಗ ರಕ್ತ ಇನ್ನೂ ಹೋಗ್ತಿತ್ತು. ನಿನ್ನ ತಲೆಯಲ್ಲಿ ಏನು ಓಡ್ತಿತ್ತು?" ಅಂತ ಕೇಳಿ, ಸುಮ್ನಿರಿ. "ಎಸಿ ಜಾಸ್ತಿ ಆಗಿದೆ ಅಂದ್ಕೊಂಡೆ ಮೇಡಂ" ಅನ್ನಬಹುದು. "ಡಾಕ್ಟರ್‌ನ ಕೇಳದೆ ನಿಲ್ಲಿಸಬಹುದಾ ಅಂತ ಗೊತ್ತಿರಲಿಲ್ಲ" ಅಂತಲೂ ಅನ್ನಬಹುದು. ಇವೆರಡು ಬೇರೆ ಬೇರೆ ಸಮಸ್ಯೆ ಅಲ್ವಾ? ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಧೈರ್ಯ ಬೇಕು. ಕೇಳದೆ ಅದು ತಿಳಿಯೋದಿಲ್ಲ. ಸಿನಾರಿಯೋ ಹದಿನೈದು ನಿಮಿಷದ್ದಾದರೆ ಈ ಮಾತುಕತೆಗೆ ಅರ್ಧ ಗಂಟೆಯಾದರೂ ಇಡಿ. ವೇಳಾಪಟ್ಟಿ ಬಿಗಿಯಾದಾಗ ಎಲ್ಲರೂ ಕತ್ತರಿ ಹಾಕುವುದು ಇದಕ್ಕೇ. ಅದಕ್ಕಿಂತ ಸಿನಾರಿಯೋಗಳನ್ನೇ ಕಡಿಮೆ ಮಾಡಿ.

ಉಳಿದ ಹಣದಲ್ಲಿ ಐವಿ (ಡ್ರಿಪ್) ಹಾಕಿ ಕಲಿಯುವ ಕೃತಕ ಕೈಗಳು, ಇಂಜೆಕ್ಷನ್ ಪ್ಯಾಡ್‌ಗಳು, ಕ್ಯಾತಿಟರ್ ಮಾಡೆಲ್, ಸಿಪಿಆರ್‌ಗೆ (ಹೃದಯ ನಿಂತಾಗ ಎದೆ ಒತ್ತುವ ಚಿಕಿತ್ಸೆಗೆ) ಒತ್ತಿದ ಆಳ ತೋರಿಸುವ ಗೊಂಬೆಗಳನ್ನು ತನ್ನಿ. 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಒತ್ತು ಅನ್ನೋದು ಬಾಯಿಪಾಠದಿಂದ ಕೈಗೆ ಬರಲ್ಲ. ಸಿಟ್ಟಾದ ಮಗ, ಅಳುತ್ತಿರುವ ತಾಯಿ ಇಂಥ ಪಾತ್ರಗಳಿಗೆ ಯಾವ ಯಂತ್ರವೂ ಬೇಡ. ತರಬೇತಿ ಪಡೆದ ಮನುಷ್ಯರೇ ವಾಸಿ.

ಕೋಣೆ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಮಂಚದ ಸುತ್ತ ಓಡಾಡಲು ಜಾಗ, ಕೈ ತೊಳೆಯಲು ಸಿಂಕು, ನಿಜವಾದ ಔಷಧಿ ಟ್ರಾಲಿ ಇದ್ದರೆ ಸಾಕು. ಡೀಬ್ರೀಫಿಂಗ್ ಮಾತ್ರ ಮಂಚದ ಪಕ್ಕ ಬೇಡ, ಎರಡನೇ ಕೋಣೆಯಲ್ಲಿ ವೃತ್ತಾಕಾರವಾಗಿ ಕೂತು ಮಾಡಿ. ಮಂಚದ ಕೋಣೆಯಲ್ಲೊಂದು ಕ್ಯಾಮೆರಾ ಇಟ್ಟು ಅದರ ದೃಶ್ಯ ಇಲ್ಲಿಗೆ ಬರುವಂತೆ ಮಾಡಿದರೆ ಉಳಿದ ವಿದ್ಯಾರ್ಥಿಗಳೂ ನೋಡಬಹುದು.

ಗೊಂಬೆಯ ಹತ್ತಿರ ಬಾಲ್ ಪೆನ್, ಪೊವಿಡೋನ್ ಅಯೋಡಿನ್, ನ್ಯೂಸ್ ಪೇಪರ್ ಸುಳಿಯಬಾರದು. ಆ ಕಲೆ ಚರ್ಮದಿಂದ ಹೋಗೋದೇ ಇಲ್ಲ. ತರಗತಿ ಮುಗಿದ ಮೇಲೆ ಟ್ಯೂಬಿನ ನೀರು ಬಸಿದು ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತೆ.

ಇನ್ನೊಂದು, ಇದನ್ನು ಹಗುರವಾಗಿ ತಗೋಬೇಡಿ. ಅಭ್ಯಾಸದ ಔಷಧಿ, ಡ್ರಿಪ್ ಚೀಲ ಎಲ್ಲದರ ಮೇಲೂ 'ರೋಗಿಗೆ ಕೊಡಬಾರದು' ಅಂತ ದಪ್ಪ ಅಕ್ಷರದಲ್ಲಿ ಅಂಟಿಸಿ. 2014ರಲ್ಲಿ ಅಮೆರಿಕದಲ್ಲಿ ತರಬೇತಿಗೆಂದು ಮಾಡಿದ ಸಲೈನ್ ಚೀಲಗಳು ಕ್ಲಿನಿಕ್‌ಗಳಿಗೆ ಸೇರಿ ನಿಜವಾದ ರೋಗಿಗಳ ಮೈಗೆ ಹೋದವು. ಜ್ವರ, ನಡುಕ ಬಂದು ಕೆಲವರು ಆಸ್ಪತ್ರೆ ಸೇರಬೇಕಾಯಿತು. ಆ ಕಪಾಟಿಗೆ ಬೀಗ ಇರಲಿ, ಬೀಗದ ಕೈ ಟೆಕ್ನಿಷಿಯನ್ ಹತ್ತಿರ ಇರಲಿ. ವಾರ್ಡಿನಲ್ಲಿ ಸ್ಟಾಕ್ ಖಾಲಿ ಅಂತ ಯಾರೇ ಬಂದು ಕೇಳಿದರೂ ಅಲ್ಲಿಂದ ಒಂದು ಸಿರಿಂಜೂ ಕೊಡಬೇಡಿ.