ಹುಡುಗನಲ್ಲಿ ಒಂದು ಕುಂದು ಹುಡುಕಿಕೊಡಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ದಕ್ಷಿಣ ಕನ್ನಡದ ಒಂದು ಬ್ಯಾರಿ ಕುಟುಂಬ. ಹುಡುಗಿಗೆ 23 ವರ್ಷ, ಹುಡುಗ ಗಲ್ಫ್‌ನಲ್ಲಿ. ನಿಶ್ಚಿತಾರ್ಥವಾಗಿ 7 ತಿಂಗಳಾಗಿತ್ತು, ನಿಕಾಹ್‌ಗೆ ಉಳಿದದ್ದು 7 ವಾರ. ಎರಡನೇ ತಿಂಗಳಲ್ಲೇ ಅವಳು ಉಮ್ಮನ (ತಾಯಿಯ) ಹತ್ತಿರ "ನನಗೆ ಆಗುವುದಿಲ್ಲ" ಅಂದಿದ್ದಳು. "ನಿಕಾಹ್ ಆದ ಮೇಲೆ ಎಲ್ಲ ಸರಿಹೋಗುತ್ತದೆ" ಎಂದು ಉಮ್ಮ ಆ ಮಾತನ್ನು ಅಲ್ಲಿಗೇ ಮುಚ್ಚಿದ್ದರು. ಇಂಥ ಮನೆಯವರು ಸಲಹೆ ಕೇಳಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಯಾರೇ ಬಂದರೂ ಮೊದಲು ಕೇಳಬೇಕಾದದ್ದು, ಆ ದಿನ ನಡೆದದ್ದು ನಿಶ್ಚಿತಾರ್ಥವೋ ನಿಕಾಹೋ ಎಂದು. ಹುಡುಗಿಯ ವಲಿ (ತಂದೆಯಂಥ ಪೋಷಕ) "ಮದುವೆ ಮಾಡಿಕೊಟ್ಟೆ" ಎಂದು ಹೇಳಿ, ವರ "ಸ್ವೀಕರಿಸಿದೆ" ಎಂದು ಹೇಳಿ, ಇಬ್ಬರು ಸಾಕ್ಷಿಗಳು ಕೇಳಿಸಿಕೊಂಡಿದ್ದರೆ ಅದು ನಿಕಾಹ್. ಊಟ, ಹಾಲ್, ಕಳಿಸಿಕೊಡುವುದು ಬಾಕಿ ಇದ್ದರೂ ಅವರು ಗಂಡ ಹೆಂಡತಿಯೇ. ಆಗ ಬೇರೆಯಾಗಲು ತಲಾಖ್ ಅಥವಾ ಖುಲಾ (ಹೆಂಡತಿಯೇ ಕೇಳಿ ಪಡೆಯುವ ಬಿಡುಗಡೆ) ಬೇಕು. ಕೂಡಿ ಬಾಳುವ ಮೊದಲೇ ತಲಾಖ್ ಆದರೆ, ನಿಗದಿಯಾದ ಮಹರ್‌ನ (ವರ ವಧುವಿಗೆ ಕೊಡುವ ವಧುಧನದ) ಅರ್ಧ ಹೆಣ್ಣಿನ ಹಕ್ಕು (ಕುರ್‌ಆನ್ 2:237), ಇದ್ದತ್ (ಮರುಮದುವೆಗೆ ಮೊದಲಿನ ಕಾಯುವ ಅವಧಿ) ಇಲ್ಲ (33:49). ಬರೀ ಮಾತುಕತೆಯಾಗಿ ಚೈನ್ ಹಾಕಿದ್ದರೆ ಅದು ಖಿತ್ಬಾ, ಅಂದರೆ ವಾಗ್ದಾನ. ಅದಕ್ಕೆ ತಲಾಖೂ ಇಲ್ಲ, ಇದ್ದತ್ತೂ ಇಲ್ಲ. ಈ ಮನೆಯಲ್ಲಿ ಆದದ್ದು ಖಿತ್ಬಾ ಮಾತ್ರ.

ಹುಡುಗಿಯನ್ನು ಒಬ್ಬಳೇ ಕೂರಿಸಿ ಮಾತಾಡಿದ್ದಾಯಿತು. ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಾರೆಯೇ, ಮದುವೆ ಎಂಬುದೇ ಭಯವೇ, ಹುಡುಗ ಏನಾದರೂ ಬೆದರಿಸಿದ್ದಾನೆಯೇ? ಮೂರಕ್ಕೂ ಇಲ್ಲ. ಇಸ್ತಿಖಾರಾ ಮಾಡಿದ್ದಳು, ಕನಸು ಬೀಳಲಿಲ್ಲ ಎಂದು ಕೊರಗುತ್ತಿದ್ದಳು. ಇಸ್ತಿಖಾರಾ ಅಂದರೆ ನಿರ್ಧಾರಕ್ಕೆ ಮೊದಲು ಒಳಿತನ್ನು ಬೇಡಿ ಮಾಡುವ ಎರಡು ರಕಅತ್ ನಮಾಝ್ ಮತ್ತು ಒಂದು ದುಆ (ಪ್ರಾರ್ಥನೆ). ಆ ದುಆದಲ್ಲಿ ಕನಸನ್ನು ಎಲ್ಲೂ ಬೇಡುವುದಿಲ್ಲ. ಕೆಡುಕಾಗಿದ್ದರೆ ಅದನ್ನು ನನ್ನಿಂದಲೂ ನನ್ನನ್ನು ಅದರಿಂದಲೂ ದೂರ ಮಾಡು ಎಂದು ಬೇಡುತ್ತೇವೆ, ಅಷ್ಟೆ. "ನಾಳೆ ಹುಡುಗನ ಕಡೆಯವರೇ ಬೇಡ ಅಂದರೆ ನಿನಗೆ ಮೊದಲು ಏನಾಗುತ್ತದೆ?" ಎಂದದ್ದಕ್ಕೆ ಅವಳ ಉತ್ತರ, "ನಿದ್ದೆ ಬರುತ್ತದೆ."

ಮೂರನೇ ಭೇಟಿಗೆ ತಂದೆಯೂ ಬಂದರು. ಒಳ್ಳೆಯ ಮನುಷ್ಯ, ಮಗಳನ್ನು ಬಲವಂತ ಮಾಡುವವರಲ್ಲ. ಎಲ್ಲ ಕೇಳಿಸಿಕೊಂಡು ಹೇಳಿದರು: "ಸರಿ, ಬಿಡಿಸೋಣ. ಆದರೆ ಜಮಾಅತಿನವರಿಗೆ ಹೇಳಲು ಏನಾದರೂ ಬೇಕಲ್ಲ? ಹುಡುಗನಲ್ಲಿ ಒಂದು ಕುಂದು ಹುಡುಕಿಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ." ಅವನಿಗೆ ಅಲ್ಲಿ ಕುಡಿತವಿದೆಯಂತೆ ಎನ್ನುವ ಮಾತನ್ನು ಒಬ್ಬ ಸಂಬಂಧಿ ಆಗಲೇ ಇಬ್ಬರ ಕಿವಿಗೆ ಹಾಕಿಯೂ ಆಗಿತ್ತು.

ಹುಡುಗಿ ತಲೆ ಎತ್ತಿದಳು. "ಅವರು ಒಳ್ಳೆಯವರೇ ಉಪ್ಪ. ಸುಳ್ಳು ಹೇಳಿ ನನ್ನನ್ನು ಬಿಡಿಸಬೇಡಿ."

ನಿಶ್ಚಿತಾರ್ಥ ಮುರಿದರೆ ಪಾಪವೇ ಎಂದು ಎಲ್ಲರೂ ಕೇಳುತ್ತಾರೆ. ಮುರಿಯುವಾಗ ಆಡುವ ಮಾತು ಪಾಪವೇ ಎಂದು ಕೇಳುವವರು ಅಪರೂಪ. ಇದ್ದ ದೋಷವನ್ನು ಬೆನ್ನ ಹಿಂದೆ ಆಡಿದರೆ ಗೀಬತ್, ಇಲ್ಲದ್ದನ್ನು ಕಟ್ಟಿದರೆ ಬುಹ್ತಾನ್ ಎಂದು ಪ್ರವಾದಿಯವರು(ಸ) ಬಿಡಿಸಿ ಹೇಳಿದ್ದಾರೆ. ಆ ಹುಡುಗನಿಗೂ ಮುಂದೆ ಒಂದು ಮನೆಯವರು ಹೆಣ್ಣು ಕೊಡಬೇಕು. ವಿಚಾರಿಸಲು ಅವರು ಮೊದಲು ಬರುವುದು ಇದೇ ಮನೆಗೆ.

ಕಾರಣಕ್ಕೆ ಕುಂದೇ ಬೇಕು ಎಂಬ ನಂಬಿಕೆಯನ್ನು ಬಿಡಿಸಲು ಪ್ರವಾದಿಯವರ ಸಂಗಾತಿ ಸಾಬಿತ್ ಇಬ್ನ್ ಕೈಸ್‌ರ ಪತ್ನಿಯ ಪ್ರಸಂಗ ಹೇಳಿದೆ. ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಆಕೆ ಪ್ರವಾದಿಯವರ ಬಳಿ ಬಂದು, ಗಂಡನ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ನಾನು ಕುಂದು ಹೇಳುತ್ತಿಲ್ಲ, ಆದರೆ ಅವರೊಂದಿಗೆ ಬಾಳಲಾರೆ ಎಂದರು. "ಅವರು ಕೊಟ್ಟ ತೋಟವನ್ನು ಮರಳಿಸುವೆಯಾ?" ಎಂದಷ್ಟೇ ಪ್ರವಾದಿಯವರು ಕೇಳಿದರು. ಹೌದು ಎಂದಳು. ಬಿಡುಗಡೆಯಾಯಿತು. ನಿಕಾಹ್ ಆದ ಮೇಲೂ ಇಷ್ಟು ಅವಕಾಶವಿರುವಾಗ, ನಿಕಾಹ್‌ಗೆ ಮೊದಲು ಒಬ್ಬ ಒಳ್ಳೆಯವನ ಹೆಸರು ಕೆಡಿಸಿ ಹೊರಬರುವ ಅಗತ್ಯ ಯಾರಿಗೂ ಇಲ್ಲ.

ಹೀಗೆ ಹೇಳಿಕೊಟ್ಟರೆ ನಾಳೆ ಎಲ್ಲರೂ ಮಾತು ಮುರಿಯುತ್ತಾರೆ ಎಂದು ಹಿರಿಯರು ಆಕ್ಷೇಪಿಸುತ್ತಾರೆ. ಮಾತಿಗೆ ತೂಕವಿದೆ, ವಾಗ್ದಾನದ ಬಗ್ಗೆ ಪ್ರಶ್ನಿಸಲಾಗುವುದು ಎಂದು ಕುರ್‌ಆನೇ (17:34) ಎಚ್ಚರಿಸುತ್ತದೆ. ಇನ್ನೂ ದೊಡ್ಡ ಸಂಬಂಧ ಬಂತೆಂದು ಬಿಡುವುದನ್ನು ನಾನು ಎಂದೂ ಒಪ್ಪುವುದಿಲ್ಲ. ಹಂಬಲೀ ವಿದ್ವಾಂಸ ಇಬ್ನ್ ಕುದಾಮಾ (ನಿಧನ 1223) ಕಾರಣವಿಲ್ಲದೆ ಹಿಂದೆ ಸರಿಯುವುದನ್ನು ಮಕ್ರೂಹ್ (ಅನಪೇಕ್ಷಿತ) ಎಂದಿದ್ದಾರೆ, ಹರಾಮ್ (ನಿಷಿದ್ಧ) ಎಂದಿಲ್ಲ. ಕಾರಣವಿದ್ದರೆ ಮಕ್ರೂಹ್ ಕೂಡ ಅಲ್ಲ, ಏಕೆಂದರೆ ನಿಕಾಹ್ ಬಾಳಿನುದ್ದದ ಕರಾರು, ಅದರ ಹಾನಿಯೂ ಬಾಳಿನುದ್ದ. ಐದು ತಿಂಗಳಿಂದ ಒಪ್ಪದ ಮನಸ್ಸು ಕಾರಣವೇ.

ಈ ಮನೆಯ ನಿಜವಾದ ತಪ್ಪು ಆ ಐದು ತಿಂಗಳ ಮೌನ. ಅಷ್ಟರಲ್ಲಿ ಹುಡುಗ ರಜೆ ಮಂಜೂರು ಮಾಡಿಸಿ ಟಿಕೆಟ್ ತೆಗೆದಿದ್ದ, ಅವರ ಕಡೆಯಿಂದ ಹಾಲ್‌ಗೆ ಅಡ್ವಾನ್ಸ್ ಹೋಗಿತ್ತು. ಅದಕ್ಕೇ ಸಲಹೆ ಹೀಗೆ ಕೊಟ್ಟೆ.

ಕಾರ್ಡ್ ಅಚ್ಚಿಗೆ ಹೋಗುವ ಮೊದಲು, ಮೂರು ದಿನದೊಳಗೆ, ತಂದೆ ಮತ್ತು ಸಂಬಂಧ ಕೂಡಿಸಿದ ಮಧ್ಯಸ್ಥ ಇಬ್ಬರೇ ಹೋಗಬೇಕು. ವಾಟ್ಸಾಪ್ ಬೇಡ, ಮಸೀದಿಯ ಅಂಗಳವೂ ಬೇಡ. ಹೇಳಬೇಕಾದದ್ದು ಮೂರೇ ವಾಕ್ಯ: "ನಿಮ್ಮ ಮಗನಲ್ಲಿ ನಾವು ತಪ್ಪು ಕಂಡಿಲ್ಲ. ನಮ್ಮ ಮಗಳ ಮನಸ್ಸು ಒಪ್ಪುತ್ತಿಲ್ಲ. ತಡವಾಗಿ ಹೇಳುತ್ತಿದ್ದೇವೆ, ಅದು ನಮ್ಮ ತಪ್ಪು, ಮಾಫ್ ಮಾಡಿ." ಅವರು ಕೆದಕಿದರೆ ಅದನ್ನೇ ಮತ್ತೊಮ್ಮೆ ಹೇಳಬೇಕು. ನಾಲ್ಕನೆಯ ವಾಕ್ಯ ಸೇರಿತೆಂದರೆ ಜಗಳ ಶುರು. ಕುಡಿತದ ಮಾತು ಹಬ್ಬಿಸಿದ ಸಂಬಂಧಿ ತಾನು ಹೇಳಿದ ಆ ಇಬ್ಬರ ಬಳಿಗೇ ಹೋಗಿ ಅದು ಸುಳ್ಳು ಎನ್ನಬೇಕು. ಬರೀ ತೌಬಾ (ಪಶ್ಚಾತ್ತಾಪ) ಸಾಲದು.

ಚಿನ್ನವನ್ನು ಒಂದು ವಾರದೊಳಗೆ ಮರಳಿಸಬೇಕು. 3 ಪವನ್ ಚೈನ್ ಅಂದರೆ 24 ಗ್ರಾಂ. ಅದೇ ಚೈನನ್ನು ಅಂಗಡಿಯಲ್ಲಿ ತೂಗಿಸಿ, ಚೀಟಿಯೊಂದಿಗೆ ಕೊಡಬೇಕು. ಹಣವಾಗಿ ಕೊಡಹೋದರೆ ಅಂದಿನ ದರವೋ ಇಂದಿನ ದರವೋ ಎಂಬಲ್ಲೇ ಮನಸ್ಸು ಮುರಿಯುತ್ತದೆ. ಪಟ್ಟಿ ಎರಡು ಪ್ರತಿ, ಇಬ್ಬರು ಸಾಕ್ಷಿಗಳ ಸಹಿ. ಮಹರ್ ಎಂದು ಮುಂಗಡ ಬಂದಿದ್ದರೆ ಪೂರ್ತಿ ಮರಳಬೇಕು, ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಉಡುಗೊರೆಗಳಲ್ಲಿ ಮಾತ್ರ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ನೋಡಬೇಕು. ಹನಫಿಗಳಲ್ಲಿ ವಸ್ತು ಇದ್ದ ಹಾಗೇ ಇದ್ದರೆ ಮರಳಿ ಕೇಳಬಹುದು, ತಿಂದು ಉಟ್ಟು ಮುಗಿದದ್ದನ್ನು ಕೇಳುವಂತಿಲ್ಲ. ಕರಾವಳಿಯ ಶಾಫಿಈಗಳಲ್ಲಿ, ಮದುವೆಗೆಂದೇ ಕೊಟ್ಟದ್ದನ್ನು ಕೇಳುವ ಹಕ್ಕು ಇನ್ನೂ ವಿಶಾಲ. ವಿವಾದವಾದರೆ ಖಾಝಿಯವರ ಬಳಿ ಕೂರಬೇಕು. ಹಾಲ್‌ನ ಅಡ್ವಾನ್ಸ್ ಮುಳುಗಿದರೆ ನಾವೇ ಭರಿಸುತ್ತೇವೆಂದು ಹೇಳಿ ಎಂದೆ. ತಡ ಮಾಡಿದವರು ನೀವು, ನಷ್ಟ ಅವರ ತಲೆಗೆ ಬೀಳಬಾರದು. ಫೋಟೊ, ಚಾಟ್ ಎರಡೂ ಕಡೆ ಅಳಿಸಬೇಕು.

ತಂದೆ ಮರುದಿನವೇ ಹೋದರು. ಮೂರು ವಾಕ್ಯ ಮುಗಿದ ಮೇಲೆ ಒಳಗಿನಿಂದ ಹುಡುಗನ ಉಮ್ಮ ಒಂದೇ ಪ್ರಶ್ನೆ ಕೇಳಿದರಂತೆ: "ಇದು ನಿಮ್ಮ ಮನೆಗೆ ಯಾವಾಗ ಗೊತ್ತಾಯಿತು?" ಅದಕ್ಕೆ ಉತ್ತರ ನಾವು ಸಿದ್ಧಮಾಡಿರಲಿಲ್ಲ. ತಂದೆ ಇದ್ದದ್ದನ್ನೇ ಹೇಳಿದರು: ಎರಡನೇ ತಿಂಗಳಲ್ಲಿ. ಆಕೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, ನಿಶ್ಚಿತಾರ್ಥದ ದಿನ ಹುಡುಗನಿಗೆ ಕೊಟ್ಟಿದ್ದ ವಾಚನ್ನು ಪೆಟ್ಟಿಗೆ ಸಮೇತ ಹೊರಗೆ ಕಳಿಸಿದರು.