‘ದಟ್’ ಕಲಿಸುವ ಮೊದಲು ‘ಎಂಬ’ ನೆನಪಿಸಿ

ಓದುಗರ ಪತ್ರ: ಉತ್ತರ ಕನ್ನಡ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ‘ದ ನ್ಯೂಸ್ ದಟ್’, ‘ದ ಫ್ಯಾಕ್ಟ್ ದಟ್’ ಎಂದು ಬಂದಾಗಲೆಲ್ಲ ಮಕ್ಕಳು ‘ದಟ್’ಗೆ ‘ಆ’ ಅಥವಾ ‘ಅದು’ ಎಂದು ಅರ್ಥ ಬರೆಯುತ್ತಾರೆ. ಯಾವ ನಾಮಪದದ ನಂತರ ‘ದಟ್’ ಬರುತ್ತದೆ, ಯಾವುದರ ನಂತರ ಬರುವುದಿಲ್ಲ ಎನ್ನುವುದಕ್ಕೆ ಸುಲಭದ ದಾರಿ ಇದೆಯೇ? ‘ದ ಫ್ಯಾಕ್ಟ್ ದಟ್’ ತಪ್ಪು ಇಂಗ್ಲಿಷ್, ಕಂಡಲ್ಲೆಲ್ಲ ಹೊಡೆದುಹಾಕಬೇಕು ಎಂದು ನಮ್ಮ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹೌದೇ? ಹತ್ತನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕಿನ ಹಾಳೆಯ ಜೆರಾಕ್ಸ್ ಲಗತ್ತಿಸಿದ್ದೇನೆ.

ಸಂಪಾದಕರ ಉತ್ತರ:

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಾಳೆಯ ವಿಚಾರಕ್ಕೆ ಕೊನೆಯಲ್ಲಿ ಬರುತ್ತೇನೆ.

‘ದಟ್’ ಎಂದರೆ ‘ಅದು’ ಎಂದು ಬರೆಯುವ ಮಕ್ಕಳನ್ನು ಗದರಬೇಡಿ. ಇಂಗ್ಲಿಷಿನಲ್ಲಿ ಈ ‘ದಟ್’ ಹುಟ್ಟಿದ್ದೇ ಬೆರಳು ಮಾಡಿ ತೋರಿಸುವ ‘ಅದು’ವಿನಿಂದ. ‘ನಾನು ಹೇಳುವುದು ಅದು: ಅವನು ಬಂದ’ ಎಂಬಂಥ ಮಾತು ಸವೆದು ಸವೆದು ‘ಅವನು ಬಂದ ಎಂದು ಹೇಳುತ್ತೇನೆ’ ಎಂದಾಯಿತು. ಕನ್ನಡ ಹಿಡಿದ ದಾರಿ ಬೇರೆ. ನಮ್ಮ ‘ಎಂದು’, ‘ಎಂಬ’ ಎರಡೂ ‘ಎನ್ನು’ ಧಾತುವಿನಿಂದ, ಅಂದರೆ ‘ಹೇಳು’ ಎಂಬ ಅರ್ಥದಿಂದ ಬಂದವು. ಅವರು ತೋರಿಸಿದರು, ನಾವು ಹೇಳಿದೆವು. ಮಾಡುವ ಕೆಲಸ ಮಾತ್ರ ಒಂದೇ.

ಆದ್ದರಿಂದ ‘ದಟ್’ ಪಾಠವನ್ನು ಕನ್ನಡದಿಂದಲೇ ಶುರುಮಾಡಿ. ‘ಒಂದಾನೊಂದು ಊರಿನಲ್ಲಿ ಸೋಮ ಎಂಬ ರೈತ’ ಎಂದು ಕಥೆ ಕೇಳಿದ ಮಗುವಿಗೆ ‘ಎಂಬ’ದ ಕೆಲಸ ಶಾಲೆಗೆ ಬರುವ ಮೊದಲೇ ಗೊತ್ತು. ರೈತ ಯಾರು? ಸೋಮ. ಹಾಗೆಯೇ, ಸುದ್ದಿ ಏನು? ಮಾವ ಬಂದ. ‘ಮಾವ ಬಂದ ಎಂಬ ಸುದ್ದಿ.’ ರೈತನಿಗೆ ಹೆಸರು ಎಷ್ಟು ಬೇಕೋ ಸುದ್ದಿಗೆ ಒಳಗಿನ ವಿಷಯ ಅಷ್ಟೇ ಬೇಕು. ಡೆನ್ಮಾರ್ಕಿನ ವ್ಯಾಕರಣಜ್ಞ ಆಟೊ ಯೆಸ್ಪರ್ಸನ್ ಇಂಥ ಉಪವಾಕ್ಯವನ್ನು ಕರೆದದ್ದೂ ‘ಒಳವಿಷಯದ ಉಪವಾಕ್ಯ’ ಎಂಬ ಅರ್ಥದ ಹೆಸರಿನಿಂದಲೇ.

ಈಗ ಮಕ್ಕಳು ಎಡವುವ ಜಾಗ ನೋಡೋಣ. ಬೋರ್ಡಿನ ಮೇಲೆ ಈ ಎರಡನ್ನು ಅಕ್ಕಪಕ್ಕ ಬರೆಯಿರಿ: ‘ದ ಪ್ರಾಮಿಸ್ ದಟ್ ಹಿ ಮೇಡ್’, ‘ದ ಪ್ರಾಮಿಸ್ ದಟ್ ಹಿ ವುಡ್ ಕಮ್’. ಎರಡರಲ್ಲೂ ಅದೇ ‘ಪ್ರಾಮಿಸ್’, ಅದೇ ‘ದಟ್’. ಕನ್ನಡಕ್ಕೆ ತಂದ ಕೂಡಲೇ ದಾರಿ ಕವಲೊಡೆಯುತ್ತದೆ. ಮೊದಲನೆಯದು ‘ಅವನು ಕೊಟ್ಟ ಮಾತು’. ಎರಡನೆಯದು ‘ಬರುತ್ತೇನೆ ಎಂಬ ಮಾತು’. ಮೊದಲನೆಯದರಲ್ಲಿ ‘ಎಂಬ’ಕ್ಕೆ ಜಾಗವೇ ಇಲ್ಲ. ಅಲ್ಲಿನ ‘ದಟ್’ ಯಾವ ಮಾತು ಎಂದು ಗುರುತಿಸುತ್ತದೆ, ಎರಡನೆಯದು ಮಾತಿನಲ್ಲಿ ಏನಿದೆ ಎಂದು ಬಿಚ್ಚುತ್ತದೆ. ಅನುಮಾನ ಬಂದರೆ ‘ದಟ್’ವರೆಗಿನ ಭಾಗವನ್ನು ಕೈಯಿಂದ ಮುಚ್ಚಲು ಹೇಳಿ. ‘ಹಿ ಮೇಡ್’ ಮಾತ್ರ ಉಳಿದರೆ ‘ಏನನ್ನು?’ ಎಂದು ಕೇಳಬೇಕಾಗುತ್ತದೆ. ‘ಹಿ ವುಡ್ ಕಮ್’ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಮೊದಲನೆಯ ‘ದಟ್’ ತೆಗೆದು ‘ವಿಚ್’ ಹಾಕಬಹುದು, ಎರಡನೆಯದರಲ್ಲಿ ಹಾಕಿದರೆ ಇಂಗ್ಲಿಷ್ ಕೆಡುತ್ತದೆ. ನಮ್ಮ ‘ಎಂಬ’ ಆಡಿದ ಮಾತನ್ನು ಆಡಿದ ಹಾಗೆಯೇ ಹೊತ್ತು ತರುತ್ತದೆ, ‘ಬರುತ್ತೇನೆ’ ಎಂದದ್ದು ‘ಬರುತ್ತೇನೆ’ ಎಂದೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ನಾನು’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ಅದನ್ನು ಮಾತ್ರ ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

ಯಾವ ನಾಮಪದಕ್ಕೆ ‘ದಟ್’ ಎಂದು ಕೇಳಿದ್ದೀರಿ. ಕನ್ನಡದಲ್ಲಿ ‘ಎಂಬ’ ಒಪ್ಪುವ ಪದಗಳಿಗೆ ಬಹುತೇಕ ಇಂಗ್ಲಿಷಿನಲ್ಲೂ ‘ದಟ್’ ಒಪ್ಪುತ್ತದೆ: ನಂಬಿಕೆ, ವದಂತಿ, ಭಯ, ವಾದ, ಭಾವನೆ, ತೀರ್ಮಾನ. ‘ಓಡುವ ಪ್ರಯತ್ನ’, ‘ಹೋಗಲು ಅನುಮತಿ’, ‘ಈಜುವ ಸಾಮರ್ಥ್ಯ’ ಇವಕ್ಕೆ ‘ಎಂಬ’ ಹೊಂದುವುದಿಲ್ಲ, ಇಂಗ್ಲಿಷಿನಲ್ಲೂ ‘ಅಟೆಂಪ್ಟ್’, ‘ಪರ್ಮಿಶನ್’, ‘ಅಬಿಲಿಟಿ’ ಕೇಳುವುದು ‘ಟು’ವನ್ನು. ಆದರೆ ಈ ದಾರಿಯಲ್ಲಿ ಎರಡು ಹೊಂಡಗಳಿವೆ. ‘ಮಳೆ ಬರುವ ಸಾಧ್ಯತೆ’ ಎನ್ನುತ್ತೇವೆ, ‘ಎಂಬ’ ಬೇಕಿಲ್ಲ. ಅದನ್ನು ನಂಬಿ ಮಕ್ಕಳು ‘ಪಾಸಿಬಿಲಿಟಿ ಟು ರೇನ್’ ಎಂದು ಬರೆಯುತ್ತಾರೆ, ಅಲ್ಲಿ ಬೇಕಾದದ್ದು ‘ಪಾಸಿಬಿಲಿಟಿ ದಟ್ ಇಟ್ ವಿಲ್ ರೇನ್’. ಅತ್ತ ‘ಡಾಕ್ಟರ್ ಆಗಬೇಕು ಎಂಬ ಆಸೆ’ಯಲ್ಲಿ ‘ಎಂಬ’ ಇದ್ದರೂ ಇಂಗ್ಲಿಷಿನವರು ‘ಡಿಸೈರ್ ಟು ಬಿಕಮ್’ ಎನ್ನುತ್ತಾರೆ. ಖಚಿತವಾಗಿ ತಿಳಿಯಬೇಕಾದರೆ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಬಳಸಿ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಯಾವ ಪದದ ನಂತರ ಏನು ಬರುತ್ತದೆ ಎಂದು ತಿಳಿಯದೆ ಕಲಿಯುವವರು ಒದ್ದಾಡುವುದನ್ನು ಕಂಡವರು. ಅವರು ಮತ್ತು ಸಂಗಡಿಗರು ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಹೊರತಂದಿತು. ಅದರ ಇಂದಿನ ಆವೃತ್ತಿಗಳಲ್ಲೂ ಇಂಥ ನಾಮಪದಗಳಿಗೆ ‘ದಟ್’ ಸೇರಿಸಿದ ಮಾದರಿ ಸಿಗುತ್ತದೆ. ಶಾಲೆಯ ಲೈಬ್ರರಿಗೆ ಒಂದು ಪ್ರತಿ ತರಿಸಿ, ಮಕ್ಕಳೇ ತೆಗೆದು ನೋಡಲಿ.

ಒಂದು ಪದದ ಬಗ್ಗೆ ನಿಮ್ಮನ್ನು ವಿಶೇಷವಾಗಿ ಎಚ್ಚರಿಸಬೇಕು. ಅದು ‘ಡೌಟ್’. ‘ಸರ್, ಒಂದು ಡೌಟು’ ಎಂದು ದಿನಾ ಕೇಳುವ ನಮಗೆ ಅದು ಮನೆಮಾತು. ‘ಅವನೇ ಕದ್ದ ಎಂಬ ಅನುಮಾನ ಇದೆ’ ಎನ್ನುವುದನ್ನು ನಾವು ಸಲೀಸಾಗಿ ‘ಡೌಟ್ ದಟ್ ಹಿ ಸ್ಟೋಲ್’ ಎಂದುಬಿಡುತ್ತೇವೆ. ಇಂಗ್ಲಿಷ್ ಬಲ್ಲವರಿಗೆ ಅದು ಕೇಳಿಸುವುದು ‘ಅವನು ಕದ್ದಿರಲಾರ’ ಎಂದು! ನಮ್ಮ ಅನುಮಾನ ಎರಡೂ ಕಡೆ ವಾಲುತ್ತದೆ, ಅವರ ‘ಡೌಟ್’ ಇಲ್ಲ ಎನ್ನುವ ಕಡೆಗೇ ವಾಲುತ್ತದೆ. ಕದ್ದಿರಬಹುದು ಎನ್ನಲು ಅವರಲ್ಲಿ ‘ಸಸ್ಪಿಶನ್ ದಟ್’ ಇದೆ. ಒಂದು ಪದ ಬದಲಾದರೆ ಆರೋಪಿ ನಿರಪರಾಧಿಯಾಗುತ್ತಾನೆ, ನಿರಪರಾಧಿ ಕಳ್ಳನಾಗುತ್ತಾನೆ.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಟೆಲಿಪ್ರಿಂಟರಿನಲ್ಲಿ ಬಂದ ಇಂಗ್ಲಿಷ್ ಸುದ್ದಿಯನ್ನು ಹರಿದು ತಂದು ಕನ್ನಡ ಮಾಡುವುದು ನನ್ನ ಕೆಲಸ. ನಾಲ್ಕೇ ಸಾಲಿನ ಸುದ್ದಿ. ನ್ಯಾಯಬೆಲೆ ಅಂಗಡಿಯವರೊಬ್ಬರು ಸಕ್ಕರೆಯನ್ನು ಹೊರಗೆ ಮಾರಿಕೊಂಡರು ಎಂಬ ‘ಅಲಿಗೇಶನ್’, ಅಂದರೆ ಆರೋಪದ ಬಗ್ಗೆ ವಿಚಾರಣೆ ನಡೆದಿದೆ ಎಂದು ಅದರಲ್ಲಿತ್ತು. ಪುಟ ಮುಗಿಸುವ ಹೊತ್ತು. ನಾನು ಬರೆದೆ: ‘ಸಕ್ಕರೆ ಮಾರಿಕೊಂಡ ಸಂಗತಿ ಬೆಳಕಿಗೆ ಬಂದಿದ್ದು, ವಿಚಾರಣೆ ನಡೆದಿದೆ.’ ಓದಲು ಸರಾಗವಾಗಿತ್ತು, ಯಾರೂ ತಡೆಯಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಅಂಗಡಿಯವರೇ ಕಚೇರಿಗೆ ಬಂದರು. ಪತ್ರಿಕೆಯ ತುಣುಕನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಕೂಗಾಡಲಿಲ್ಲ. ತುಣುಕನ್ನು ಮೇಜಿನ ಮೇಲೆ ಬಿಡಿಸಿಟ್ಟು, ‘ಸಂಗತಿ’ ಎಂಬ ಪದದ ಮೇಲೆ ಬೆರಳಿಟ್ಟು, ‘ಇದು ನಿಮಗೆ ಯಾರು ಹೇಳಿದ್ದು ಸ್ವಾಮಿ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮರುದಿನ ತಿದ್ದುಪಡಿ ಹಾಕಿದೆವು. ಅದು ಒಳಪುಟದ ಮೂಲೆಯಲ್ಲಿ ಬಂತು, ತಪ್ಪು ಬಂದದ್ದು ಮೊದಲ ಪುಟದಲ್ಲಿ.

ಆವತ್ತು ಕಲಿತದ್ದು ಕನ್ನಡದ ವ್ಯಾಕರಣವನ್ನೇ. ‘ಅಜ್ಜ ತೀರಿಕೊಂಡ ಸುದ್ದಿ’ ಎಂದರೆ ಅಜ್ಜ ಇಲ್ಲ. ‘ಅಜ್ಜ ತೀರಿಕೊಂಡರು ಎಂಬ ಸುದ್ದಿ’ ಎಂದರೆ ಇನ್ನೂ ಫೋನ್ ಮಾಡಿ ಕೇಳಬೇಕು. ‘ಅಜ್ಜ ತೀರಿಕೊಂಡ ವದಂತಿ’ ಎಂದು ಯಾರೂ ಹೇಳುವುದಿಲ್ಲ, ವದಂತಿಗೆ ‘ಎಂಬ’ ಬೇಕೇ ಬೇಕು. ‘ಎಂಬ’ ಎಂದಾಗ ಮಾತು ಬೇರೆಯವರದು ಎಂಬ ಅಂತರ ಉಳಿಯುತ್ತದೆ. ಅದನ್ನು ಕಳಚಿದರೆ ಬರೆದವನೇ ಸಾಕ್ಷಿ ನಿಂತಂತೆ. ನಾನು ಎರಡು ತಪ್ಪು ಒಟ್ಟಿಗೆ ಮಾಡಿದ್ದೆ: ಆರೋಪವನ್ನು ಸಂಗತಿ ಮಾಡಿದೆ, ‘ಎಂಬ’ವನ್ನೂ ಕಿತ್ತೆ. ಇಂಗ್ಲಿಷಿನಲ್ಲಿ ಈ ಭಾರವೆಲ್ಲ ನಾಮಪದದ ಮೇಲೆಯೇ ಬೀಳುತ್ತದೆ. ‘ಕ್ಲೇಮ್ ದಟ್’, ‘ರೂಮರ್ ದಟ್’, ‘ಎವಿಡೆನ್ಸ್ ದಟ್’, ‘ಫ್ಯಾಕ್ಟ್ ದಟ್’, ಆಮೇಲೆ ಬರುವ ಸಾಲು ಒಂದೇ ಆದರೂ ಬರೆದವರು ಎಷ್ಟು ಹೊಣೆ ಹೊತ್ತರು ಎಂಬುದು ಆ ಒಂದು ಪದದಲ್ಲಿದೆ.

ಇನ್ನೊಂದು ವ್ಯತ್ಯಾಸ ಪತ್ರಿಕೆಯವರನ್ನು ಸದಾ ಕಾಡುತ್ತದೆ. ಇಂಗ್ಲಿಷಿನಲ್ಲಿ ‘ರೂಮರ್’ ಮೊದಲು, ಸುದ್ದಿ ಆಮೇಲೆ. ಕನ್ನಡದಲ್ಲಿ ಸುದ್ದಿಯೆಲ್ಲ ಮುಗಿದ ಮೇಲೆ ‘ಎಂಬ ವದಂತಿ’ ಬರುತ್ತದೆ. ಮೂರು ಸಾಲಿನ ವಾಕ್ಯವಾದರೆ ಓದುಗ ಅಷ್ಟರಲ್ಲಿ ನಂಬಿಯೇ ಬಿಟ್ಟಿರುತ್ತಾನೆ. ಅದಕ್ಕೇ ನಮ್ಮ ಕಚೇರಿಯಲ್ಲಿ ಉದ್ದದ ವಾಕ್ಯವಾದರೆ ‘ಹೀಗೊಂದು ವದಂತಿ ಹಬ್ಬಿದೆ’ ಎಂದು ಮೊದಲೇ ಹೇಳಿ ಮುಂದೆ ಹೋಗಿ ಎನ್ನುತ್ತೇನೆ.

ನಿಮ್ಮ ಸಹೋದ್ಯೋಗಿಯ ಮಾತಿನ ಹಿಂದೆ ದೊಡ್ಡ ಹೆಸರಿದೆ. ‘ದ ಫ್ಯಾಕ್ಟ್ ದಟ್’ ಕಂಡ ವಾಕ್ಯವನ್ನೆಲ್ಲ ತಿದ್ದಿ ಅದನ್ನು ತೆಗೆಯಬೇಕು ಎಂದು ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ 1918ರಲ್ಲೇ ತಮ್ಮ ವಿದ್ಯಾರ್ಥಿಗಳಿಗೆ ಬರೆದಿದ್ದರು. ‘ಓಯಿಂಗ್ ಟು ದ ಫ್ಯಾಕ್ಟ್ ದಟ್’ ಬದಲು ‘ಬಿಕಾಸ್’ ಸಾಕು, ಅಲ್ಲಿ ಅವರ ಮಾತು ಸರಿ. ಆದರೆ ಅದು ತಪ್ಪು ಇಂಗ್ಲಿಷ್ ಅಲ್ಲ. ‘ಡಿಸ್ಪೈಟ್’ನಂಥ ಪದದ ಬೆನ್ನಿಗೇ ‘ದಟ್’ ಉಪವಾಕ್ಯ ನಿಲ್ಲುವುದಿಲ್ಲ, ನಡುವೆ ಹಿಡಿದುಕೊಳ್ಳಲು ಒಂದು ನಾಮಪದ ಬೇಕು. ಆ ಕೆಲಸಕ್ಕೆ ‘ಫ್ಯಾಕ್ಟ್’ ಬರುತ್ತದೆ. ಮಕ್ಕಳಿಗೆ ‘ಆಲ್‌ದೋ’ ಹಾಕಲು ಕಲಿಸಿ, ಆದರೆ ‘ಡಿಸ್ಪೈಟ್ ದ ಫ್ಯಾಕ್ಟ್ ದಟ್’ ಬರೆದವರ ಅಂಕ ಕಳೆಯಬೇಡಿ. ನಿಜವೋ ಸುಳ್ಳೋ ತೀರ್ಮಾನವಾಗದ ವಿಷಯಕ್ಕೆ ‘ಫ್ಯಾಕ್ಟ್’ ಹಾಕಿದ್ದರೆ ಮಾತ್ರ ಕೆಂಪು ಪೆನ್ನು ತೆಗೆಯಿರಿ.

ಇನ್ನು ನೀವು ಕಳಿಸಿದ ಹಾಳೆ. ‘ಐ ಗಾಟ್ ಎ ನ್ಯೂಸ್ ದಟ್ ಮೈ ಅಂಕಲ್ ಹ್ಯಾಡ್ ಕಮ್’ ಎಂದು ಆ ಹುಡುಗಿ ಬರೆದಿದ್ದಾಳೆ. ನೀವು ‘ದಟ್’ ಸುತ್ತ ಕೆಂಪು ಸುತ್ತು ಹಾಕಿ ಅರ್ಧ ಅಂಕ ಕಳೆದಿದ್ದೀರಿ. ಇಲ್ಲಿ ಹೋಗಬೇಕಾದದ್ದು ‘ನ್ಯೂಸ್’ ಮುಂದಿನ ‘ಎ’ ಮಾತ್ರ, ‘ನ್ಯೂಸ್’ ಎಣಿಕೆಗೆ ಸಿಗುವ ಪದವಲ್ಲ. ‘ದಟ್’ ಕೂತ ಜಾಗ ಸರಿ, ‘ಹ್ಯಾಡ್ ಕಮ್’ ಕೂಡ ಸರಿ. ದಯವಿಟ್ಟು ಆ ಸುತ್ತನ್ನು ‘ಎ’ ಮೇಲಕ್ಕೆ ಸರಿಸಿ. ಸಾಧ್ಯವಾದರೆ ಆ ಸಾಲನ್ನು ಬೋರ್ಡಿನ ಮೇಲೆ ಬರೆದು, ಇಡೀ ತರಗತಿಯಿಂದ ಅದನ್ನು ‘ಎಂಬ’ ಹಾಕಿ ಕನ್ನಡದಲ್ಲಿ ಹೇಳಿಸಿ.